ಕಳಚಿ ಕಟ್ಟಿದ ಮನೆಗಳು: ಗಾಜಿನಿಂದ ಸೀರೆಯವರೆಗೆ

ಏಪ್ರಿಲ್ ಬಿಸಿಲಿನಲ್ಲಿ ಮಹಾರಾಷ್ಟ್ರದ ಜತ್ತ ತಾಲ್ಲೂಕಿನ ದಾಳಿಂಬೆ ತೋಟಗಳ ಪಕ್ಕದಲ್ಲಿ ಹಾದು ಹೋಗುವವರಿಗೆ ಎಲೆಯ ಹಸಿರಿಗಿಂತ ಮೊದಲು ಬೇರೆ ಬಣ್ಣಗಳು ಕಣ್ಣಿಗೆ ಬೀಳುತ್ತವೆ. ಕೆಂಪು, ನೀಲಿ, ಅರಿಸಿನ, ನಡುನಡುವೆ ಹೂಬಳ್ಳಿಯ ಅಂಚು. ಸಾಲುಗಿಡಗಳ ಮೇಲೆ ಹಳೆಯ ಸೀರೆ ಹೊದಿಸಿ, ತುದಿಗಳನ್ನು ತಂತಿಗೆ ಬಿಗಿದು ಕಟ್ಟಿರುತ್ತಾರೆ. ಬಿಸಿಲು ಹೊಡೆದು ಸಿಪ್ಪೆ ಕಪ್ಪಾದ ಕಾಯಿಯನ್ನು ಪೇಟೆಯಲ್ಲಿ ಕೇಳುವವರಿಲ್ಲ. ಹೊಸ ನೆರಳುಬಲೆಗೆ ದುಡ್ಡು ಹೊಂದಿಸಲಾಗದ ರೈತರು ಉಟ್ಟು ಬಿಟ್ಟ ಸೀರೆಗಳನ್ನು ಸಗಟಾಗಿ ಕೊಂಡು ತರುತ್ತಾರೆ. ಸಾಂಗಲಿ ಜಿಲ್ಲೆಯ ಆಟಪಾಡಿ, ಸೊಲ್ಲಾಪುರದ ಸಾಂಗೋಲೆ, ಗಡಿಯ ಈಚೆಗೆ ವಿಜಯಪುರ, ಹೀಗೆ ದಾಳಿಂಬೆ ಬೆಳೆಯುವ ಒಣನಾಡಿನ ಉದ್ದಕ್ಕೂ ಈ ರೂಢಿ ಹಬ್ಬಿದೆ.

ಇದನ್ನು ಬಡವರ ಉಪಾಯ ಎಂದು ಹೇಳಿ ಮುಂದೆ ಹೋಗಿಬಿಡಬಹುದು. ಹಾಗೆ ಹೋದರೆ ದೊಡ್ಡದೊಂದು ಇತಿಹಾಸ ಕೈತಪ್ಪುತ್ತದೆ. ಗಿಡಕ್ಕಾಗಿ ಮನೆ ಕಟ್ಟಿದ ಎಲ್ಲ ಕಾಲದ, ಎಲ್ಲ ದೇಶದ ಜನರ ಮುಂದೆಯೂ ಇದೇ ಲೆಕ್ಕ ಇತ್ತು. ಅಂಥ ಮನೆಯಲ್ಲಿ ಎರಡು ಭಾಗ: ನಿಲ್ಲಿಸುವ ಚೌಕಟ್ಟು, ಮುಚ್ಚುವ ಹೊದಿಕೆ. ಚೌಕಟ್ಟು ಎರಡು ತಲೆಮಾರು ಬಾಳುತ್ತದೆ. ಹೊದಿಕೆ ಒಡೆಯುತ್ತದೆ, ಹರಿಯುತ್ತದೆ, ಮಂಕಾಗುತ್ತದೆ. ಹಳೆಯ ಚೌಕಟ್ಟು ಅಗ್ಗಕ್ಕೆ ಸಿಕ್ಕಿತೆಂದು ಹಿಗ್ಗಿದವರು ಹೊದಿಕೆಯ ಖರ್ಚಿಗೆ ಸಿಕ್ಕಿ ಸೋತಿದ್ದಾರೆ. ಹೊದಿಕೆಯನ್ನು ಮೊದಲು ಯೋಚಿಸಿದವರು ಕಡಿಮೆ ದುಡ್ಡಿನಲ್ಲಿ ಗೆದ್ದಿದ್ದಾರೆ. ಲಂಡನ್ನಿನ ಸ್ಫಟಿಕ ಅರಮನೆಗೂ ಜತ್ತದ ಒಣದ್ರಾಕ್ಷಿ ಶೆಡ್ಡಿಗೂ ಈ ಮಾತು ಸಮನಾಗಿ ಅನ್ವಯಿಸುತ್ತದೆ.

ಜತ್ತ ನೀರಿಗಾಗಿ ಕಾದು ಕಾದು ಗಟ್ಟಿಯಾದ ಸೀಮೆ. ಡಫಳೆ ಮನೆತನದ ಈ ಪುಟ್ಟ ಸಂಸ್ಥಾನ ಬ್ರಿಟಿಷರ ಕಾಲದಲ್ಲಿ ಬಿಜಾಪುರ ಏಜೆನ್ಸಿಗೆ ಸೇರಿತ್ತು. 1948ರಲ್ಲಿ ಮುಂಬೈ ಪ್ರಾಂತದಲ್ಲಿ ವಿಲೀನವಾಯಿತು. ಗುಡ್ಡಾಪುರದ ದಾನಮ್ಮದೇವಿಗೆ ಕರ್ನಾಟಕದಿಂದ ಪಾದಯಾತ್ರಿಗಳು ಇಂದಿಗೂ ನಡೆದು ಬರುತ್ತಾರೆ. ಉಮದಿ, ಸಂಖ, ತಿಕ್ಕುಂಡಿ ಕಡೆಯ ಹಳ್ಳಿಗಳಲ್ಲಿ ಮನೆಮಾತು ಕನ್ನಡ. ಇದೇ ತಾಲ್ಲೂಕಿನ ಉಮರಾಣಿಯಲ್ಲಿ 1673ರಲ್ಲಿ ಶಿವಾಜಿಯ ಸೇನಾಪತಿ ಪ್ರತಾಪರಾವ್ ಗುಜರ್, ಬಿಜಾಪುರದ ಬಹಲೋಲ್ ಖಾನನ ಸೈನ್ಯಕ್ಕೆ ನೀರಿನ ದಾರಿ ಕಟ್ಟಿ ಅದನ್ನು ಮಣಿಸಿದ. ಈ ನೆಲದಲ್ಲಿ ನೀರು ಹಿಡಿದವನದೇ ಗೆಲುವು ಎಂಬುದು ಆಗಲೇ ಗೊತ್ತಿತ್ತು. ಮ್ಹೈಸಾಳ ಏತ ನೀರಾವರಿಯ ನೀರು ತಮ್ಮ ತನಕ ಬರಲಿಲ್ಲವೆಂದು ನೊಂದ ಗಡಿಹಳ್ಳಿಗಳು 2012ರಲ್ಲಿ ಕರ್ನಾಟಕಕ್ಕೆ ಸೇರುತ್ತೇವೆಂದು ಠರಾವು ಮಾಡಿದ್ದವು. ಆ ಠರಾವು 2022ರಲ್ಲಿ ಎರಡೂ ರಾಜ್ಯಗಳ ರಾಜಕೀಯದಲ್ಲಿ ಮತ್ತೆ ಬಿಸಿಯಾಯಿತು.

ಇಂಥ ಊರಿನಲ್ಲಿ ದ್ರಾಕ್ಷಿ ಬೆಳೆಯುತ್ತದೆ ಎಂದರೆ ಹೊರಗಿನವರು ನಂಬುವುದು ಕಷ್ಟ. ಬಾವಿ, ಬೋರು, ಕೃಷಿಹೊಂಡ, ಹನಿ ನೀರಾವರಿ, ಕೆಟ್ಟ ವರ್ಷಗಳಲ್ಲಿ ಟ್ಯಾಂಕರ್, ಇವೆಲ್ಲವುಗಳ ಬಲದಿಂದ ಬಳ್ಳಿ ಬದುಕುತ್ತದೆ. ಆದರೆ ಬಳ್ಳಿಗೆ ಕಷ್ಟ ಕೊಡುವ ಅದೇ ಒಣಗಾಳಿ, ಹಣ್ಣು ಒಣಗಿಸುವಾಗ ವರವಾಗುತ್ತದೆ. ತಾಸಗಾಂವದಿಂದ ಜತ್ತದವರೆಗೆ, ಅಲ್ಲಿಂದ ವಿಜಯಪುರದ ತಿಕೋಟಾದವರೆಗೆ ಒಣದ್ರಾಕ್ಷಿಯ ನಾಡು ಚಾಚಿಕೊಂಡಿರುವುದು ಇದೇ ಕಾರಣಕ್ಕೆ. ಸಾಂಗಲಿಯ ಒಣದ್ರಾಕ್ಷಿಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ಇದೆ.

ಒಣದ್ರಾಕ್ಷಿ ಶೆಡ್ಡನ್ನು ಗಮನವಿಟ್ಟು ನೋಡಬೇಕು. ಕಬ್ಬಿಣದ ಆಂಗಲ್ ನಿಲ್ಲಿಸಿ, ಅಡ್ಡಕ್ಕೆ ತಂತಿ ಎಳೆದು, ಒಂದರ ಮೇಲೊಂದು ಜಾಳಿಗೆಯ ಅಂತಸ್ತು ಮಾಡಿರುತ್ತಾರೆ. ತಲೆಯ ಮೇಲೆ ಪ್ಲಾಸ್ಟಿಕ್ ಅಥವಾ ತಗಡು, ಪಕ್ಕಕ್ಕೆ ಹಸಿರು ನೆರಳುಬಲೆ. ಗೊಂಚಲುಗಳನ್ನು ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಎಣ್ಣೆಯ ದ್ರಾವಣದಲ್ಲಿ ಅದ್ದಿ ಈ ಜಾಳಿಗೆಗಳ ಮೇಲೆ ಹರವುತ್ತಾರೆ. ದ್ರಾವಣ ಹಣ್ಣಿನ ಮೇಲಿನ ಮೇಣದ ಪದರವನ್ನು ಸಡಿಲಿಸುತ್ತದೆ, ಒಳಗಿನ ನೀರು ಬೇಗ ಹೊರಬೀಳುತ್ತದೆ. ನೇರ ಬಿಸಿಲು ತಗುಲಿದರೆ ಹಣ್ಣು ಕಂದುಬಣ್ಣಕ್ಕೆ ತಿರುಗುತ್ತದೆ. ನೆರಳಿನಲ್ಲಿ ಗಾಳಿ ಮಾತ್ರ ಹಾಯ್ದರೆ ಹಸಿರು ಮಿಶ್ರಿತ ಹಳದಿ ಉಳಿಯುತ್ತದೆ, ಅದಕ್ಕೇ ಹೆಚ್ಚಿನ ದರ. ಸುಮಾರು ಎರಡು ವಾರಕ್ಕೆ, ನಾಲ್ಕು ಕಿಲೋ ಹಸಿಹಣ್ಣು ಹೆಚ್ಚುಕಡಿಮೆ ಒಂದು ಕಿಲೋ ಒಣಹಣ್ಣಾಗುತ್ತದೆ. ಅಷ್ಟರೊಳಗೆ ಅಕಾಲದ ಮಳೆ ಬಂದರೆ ವರ್ಷದ ದುಡಿಮೆ ಮಣ್ಣುಪಾಲು.

ಇಂಗ್ಲೆಂಡಿನ ಗಾಜಿನ ಮನೆ ಬಿಸಿಲನ್ನು ಒಳಗೆ ಕರೆದು ಕೂಡಿಹಾಕಲು ಹುಟ್ಟಿತು. ಜತ್ತದ ಶೆಡ್ಡು ಬಿಸಿಲನ್ನು ಹೊರಗೆ ನಿಲ್ಲಿಸಿ ಗಾಳಿಯನ್ನು ಮಾತ್ರ ಒಳಗೆ ಬಿಡುತ್ತದೆ. ಕೆಲಸ ತಿರುವುಮುರುವು, ಕಟ್ಟುವ ರೀತಿ ಒಂದೇ. ತೆಳ್ಳಗಿನ ಕಬ್ಬಿಣ, ನಟ್ಟು ಬೋಲ್ಟು, ಹಗುರವಾದ ಹೊದಿಕೆ. ಬೇಡವಾದಾಗ ಕಳಚು, ಬೇಕಾದಲ್ಲಿ ಮತ್ತೆ ನಿಲ್ಲಿಸು.

ಈ ಬಗೆಯ ಕಟ್ಟಡದ ಅತ್ಯಂತ ದೊಡ್ಡ ಉದಾಹರಣೆಗೆ 1850ರ ಲಂಡನ್ನಿಗೆ ಹೋಗಬೇಕು. ಮರುವರ್ಷದ ಮಹಾ ಪ್ರದರ್ಶನಕ್ಕೆ ಹೈಡ್ ಪಾರ್ಕಿನಲ್ಲಿ ಒಂದು ತಾತ್ಕಾಲಿಕ ಕಟ್ಟಡ ಬೇಕಾಗಿತ್ತು. ಚ್ಯಾಟ್ಸ್‌ವರ್ತ್ ಅರಮನೆಯ ತೋಟದ ಮೇಲ್ವಿಚಾರಕ ಜೋಸೆಫ್ ಪ್ಯಾಕ್ಸ್‌ಟನ್ ಗಾಜು, ಕಬ್ಬಿಣ, ಮರಗಳ ಒಂದು ಬೃಹತ್ ಗಿಡಮನೆಯ ನಕ್ಷೆ ಕೊಟ್ಟ. ಅದೇ ಸ್ಫಟಿಕ ಅರಮನೆ. ಗುತ್ತಿಗೆದಾರರಾದ ಫಾಕ್ಸ್ ಹೆಂಡರ್ಸನ್ ಕಂಪನಿ ಎರಡು ದರ ನಮೂದಿಸಿತು. ಕಟ್ಟಡ ಶಾಶ್ವತವಾಗಿ ಪ್ರದರ್ಶನದವರದೇ ಆಗುವುದಾದರೆ 1,50,000 ಪೌಂಡು. ಪ್ರದರ್ಶನ ಮುಗಿದ ಮೇಲೆ ಕಳಚಿದ ಸಾಮಾನು ಗುತ್ತಿಗೆದಾರರಿಗೇ ಮರಳುವುದಾದರೆ 79,800 ಪೌಂಡು. ಕಟ್ಟುವ ಮೊದಲೇ ಅದರ ಗುಜರಿ ಬೆಲೆಯನ್ನು ಕಾಗದದ ಮೇಲೆ ಇಳಿಸಿದ್ದರು! ಹೆಚ್ಚುಕಡಿಮೆ ಅರ್ಧ ಬೆಲೆ ಹಳೆಯ ಸಾಮಾನಿನಲ್ಲೇ ಉಳಿಯುತ್ತದೆಂದು ಆ ಗುತ್ತಿಗೆದಾರರಿಗೆ ಗೊತ್ತಿತ್ತು.

ಐದು ವರ್ಷ ಮುಂಚೆ ಇಂಥ ನಕ್ಷೆಯನ್ನು ಯಾರೂ ಕಣ್ಣೆತ್ತಿ ನೋಡುತ್ತಿರಲಿಲ್ಲ. ಬ್ರಿಟನ್ನಿನಲ್ಲಿ ಗಾಜಿನ ಮೇಲೆ ತೂಕದ ಲೆಕ್ಕದಲ್ಲಿ ತೆರಿಗೆ ಇತ್ತು. 1845ರಲ್ಲಿ ಅದನ್ನು ತೆಗೆದರು. ಹೊದಿಕೆ ಅಗ್ಗವಾದ ಕೂಡಲೇ ಗಾಜಿನ ಮನೆಗಳು ಶ್ರೀಮಂತರ ಬೇಲಿ ದಾಟಿ ಹೊರಗೆ ಬಂದವು.

ಪ್ಯಾಕ್ಸ್‌ಟನ್ನನ ಜಾಣತನ ಇದ್ದದ್ದು ಅಳತೆಯಲ್ಲಿ. ಬರ್ಮಿಂಗ್‌ಹ್ಯಾಮ್ ಹತ್ತಿರದ ಚಾನ್ಸ್ ಬ್ರದರ್ಸ್ ಕಾರ್ಖಾನೆ ಮಾಡಿಕೊಡಬಲ್ಲ ಉದ್ದನೆಯ ಹಾಳೆ 49 ಇಂಚು. ಅಗಲ 10 ಇಂಚು. ಇಡೀ ಕಟ್ಟಡದ ಅಳತೆಯನ್ನು ಆತ ಈ ಒಂದು ಗಾಜಿನ ಹಾಳೆಯಿಂದ ಹಿಡಿದು ಹೊರಡಿಸಿದ. ಸುಮಾರು 3 ಲಕ್ಷ ಹಾಳೆಗಳು, ಎಲ್ಲವೂ ಒಂದೇ ಅಳತೆ. ಟೊಳ್ಳು ಕಬ್ಬಿಣದ ಕಂಬಗಳೇ ಮಳೆನೀರು ಇಳಿಯುವ ಕೊಳವೆಗಳಾದವು. ಚಾವಣಿಯ ಮರದ ತೊಲೆಯಲ್ಲಿ ಮೇಲೊಂದು, ಪಕ್ಕಕ್ಕೆ ಎರಡು ಕಾಲುವೆ ಕೊರೆಸಿದ: ಮೇಲಿನದು ಮಳೆಗೆ, ಪಕ್ಕದವು ಗಾಜಿನ ಒಳಮೈಯಿಂದ ತೊಟ್ಟಿಕ್ಕುವ ಹನಿಗೆ. ಈ ಒಳಹನಿಯನ್ನು ಮರೆತವರ ಗಿಡಮನೆಯಲ್ಲಿ ಎಲೆರೋಗ ಬಿಡುವುದಿಲ್ಲ ಎಂಬುದು ಇಂದಿನ ಪಾಲಿಹೌಸ್ ರೈತರಿಗೂ ಅನುಭವದ ಮಾತು. ಗಾಜು ಕೂರಿಸುವವರು ಅದೇ ಕಾಲುವೆಗಳ ಮೇಲೆ ಉರುಳುವ ತಳ್ಳುಬಂಡಿಗಳಲ್ಲಿ ಕುಳಿತು ಕೆಲಸ ಮಾಡಿದರು. ಒಂದು ವಾರದಲ್ಲಿ 80 ಮಂದಿ 18,000ಕ್ಕೂ ಹೆಚ್ಚು ಹಾಳೆ ಕೂರಿಸಿದ ದಾಖಲೆ ಇದೆ. 1851ರ ಮೇ 1ರಂದು ಪ್ರದರ್ಶನ ತೆರೆಯಿತು, ಅಕ್ಟೋಬರ್‌ನಲ್ಲಿ ಮುಚ್ಚಿತು.

ಮುಂದಿನ ಕಥೆ ಹಳೆಯ ಗಿಡಮನೆ ಕೊಳ್ಳುವ ಪ್ರತಿಯೊಬ್ಬರೂ ಓದಬೇಕಾದದ್ದು. ಹೊಸದಾಗಿ ಹುಟ್ಟಿದ ಒಂದು ಕಂಪನಿ ಇಡೀ ಕಟ್ಟಡವನ್ನು 70,000 ಪೌಂಡಿಗೆ ಕೊಂಡಿತು. 1852ರಲ್ಲಿ ಅದನ್ನು ಬಿಚ್ಚಿ ದಕ್ಷಿಣ ಲಂಡನ್ನಿನ ಸಿಡನ್‌ಹ್ಯಾಮ್ ಗುಡ್ಡಕ್ಕೆ ಸಾಗಿಸಿದರು. ಇದ್ದದ್ದನ್ನು ಇದ್ದ ಹಾಗೆ ನಿಲ್ಲಿಸಿದ್ದರೆ ಕೆಲಸ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಚಾವಣಿ ಎತ್ತರಿಸಿದರು, ಉದ್ದಕ್ಕೂ ಕಮಾನು ಕೂರಿಸಿದರು, ಗಾಜಿನ ವಿಸ್ತೀರ್ಣ ಹಿಂದಿನದರ ಹತ್ತಿರಹತ್ತಿರ ಇಮ್ಮಡಿಯಾಯಿತು. ಗುಡ್ಡದ ಇಳಿಜಾರಿಗೆ ಅಡಿಪಾಯ ಬೇರೆ. 1854ರ ಜೂನ್ 10ರಂದು ವಿಕ್ಟೋರಿಯಾ ರಾಣಿ ಅದನ್ನು ತೆರೆಯುವ ಹೊತ್ತಿಗೆ ಖರ್ಚು ಸುಮಾರು 13 ಲಕ್ಷ ಪೌಂಡಿಗೆ ಏರಿತ್ತು. 70,000 ಪೌಂಡಿನ ಅಗ್ಗದ ಸರಕು ಆ ಕಂಪನಿಯನ್ನು ಏಳಗೊಡಲಿಲ್ಲ. ಸಾಲ ಬೆಳೆಯುತ್ತ ಹೋಗಿ 1911ರಲ್ಲಿ ಅದು ದಿವಾಳಿಯಾಯಿತು. ಕಟ್ಟಡ 1936ರ ನವೆಂಬರ್ 30ರ ರಾತ್ರಿ ಬೆಂಕಿಗೆ ಆಹುತಿಯಾಯಿತು.

ಆಸೆ ಮಿತಿಯಲ್ಲಿಟ್ಟುಕೊಂಡವರ ಉದಾಹರಣೆ ಗ್ಲಾಸ್ಗೊದಲ್ಲಿದೆ. ಜಾನ್ ಕಿಬ್ಬಲ್ ಎಂಬ ಸಾಹುಕಾರ ಲಾಕ್ ಲಾಂಗ್ ದಂಡೆಯ ಕೂಲ್‌ಪೋರ್ಟಿನಲ್ಲಿ ತನ್ನ ಬಂಗಲೆಗೆ ಹೊಂದಿಸಿ ಒಂದು ಗಾಜಿನ ಮನೆ ಕಟ್ಟಿಸಿದ್ದ. ಅದನ್ನು ತುಂಡುತುಂಡಾಗಿ ಬಿಚ್ಚಿ, ದೋಣಿಗೆ ಹೇರಿ, ಕ್ಲೈಡ್ ನದಿಯ ಮೂಲಕ ನಗರದ ಸಸ್ಯೋದ್ಯಾನಕ್ಕೆ ತಂದರು. 1873ರಿಂದ ಅದು ಕಿಬ್ಬಲ್ ಪ್ಯಾಲೇಸ್ ಆಗಿ ಅಲ್ಲೇ ನಿಂತಿದೆ. ಮೊದಮೊದಲು ಸಂಗೀತ ಕಚೇರಿ, ಸಭೆಗಳು. ಆಮೇಲೆ ಗಿಡಗಳು, ಈಗ ಹೆಸರಾಂತ ಮರಜರೀಗಿಡಗಳ ಸಂಗ್ರಹ. ನೂರಮೂವತ್ತು ವರ್ಷದ ತೇವ ಕಬ್ಬಿಣವನ್ನು ತಿಂದಾಗ, 2003ರಿಂದ 2006ರವರೆಗೆ ಮತ್ತೆ ಇಡೀ ಮನೆಯನ್ನು ಬಿಚ್ಚಿದರು. ಭಾಗಗಳನ್ನು ಯಾರ್ಕ್‌ಶೈರಿನ ಕಾರ್ಯಾಗಾರಕ್ಕೆ ಕಳಿಸಿ, ರಿಪೇರಿ ಮಾಡಿಸಿ, ತಂದು ಜೋಡಿಸಿದರು. ಸುಮಾರು 70 ಲಕ್ಷ ಪೌಂಡು ಹಿಡಿಯಿತು. ಎರಡು ಸಲ ಬಿಚ್ಚಿ ಎರಡು ಸಲ ನಿಲ್ಲಿಸಲು ಸಾಧ್ಯವಾದದ್ದು ಮೊದಲು ಕಟ್ಟಿದವರು ಕೀಲುಗಳನ್ನು ಸರಿಯಾಗಿ ಮಾಡಿದ್ದರಿಂದ.

ಕನ್ನಡ ನಾಡಿಗೆ ಈ ವಿದ್ಯೆ ಬಂದದ್ದು ಅದೇ ಗ್ಲಾಸ್ಗೊದಿಂದ. ಕ್ಯೂ ಉದ್ಯಾನದಲ್ಲಿ ಪಳಗಿ 1874ರಲ್ಲಿ ಲಾಲ್‌ಬಾಗಿನ ಹೊಣೆ ಹೊತ್ತ ಜಾನ್ ಕ್ಯಾಮರಾನ್, ಸ್ಫಟಿಕ ಅರಮನೆಯ ಮಾದರಿಯಲ್ಲಿ ಒಂದು ಗಾಜಿನ ಮನೆಯ ಕನಸು ಕಂಡರು. 1889ರ ನವೆಂಬರ್ 30ರಂದು ರಾಜಕುಮಾರ ಆಲ್ಬರ್ಟ್ ವಿಕ್ಟರ್ ಅಡಿಗಲ್ಲು ಇಟ್ಟ. ಲಂಡನ್ನಿನ ಮೂಲ ಕಟ್ಟಡ ಸುಟ್ಟುಹೋದದ್ದು ಇದೇ ತಾರೀಖಿನಂದು, 47 ವರ್ಷಗಳ ನಂತರ. ಎರಕದ ಕಬ್ಬಿಣದ ಭಾಗಗಳು ಗ್ಲಾಸ್ಗೊದ ವಾಲ್ಟರ್ ಮ್ಯಾಕ್‌ಫಾರ್ಲೇನ್ ಕಂಪನಿಯ ಸ್ಯಾರಸನ್ ಫೌಂಡ್ರಿಯಲ್ಲಿ ತಯಾರಾಗಿ ಹಡಗಿನಲ್ಲಿ ಬಂದವು. ಪಟ್ಟಿ ನೋಡಿ ಭಾಗ ತರಿಸಿ ಸ್ಥಳದಲ್ಲಿ ಜೋಡಿಸುವುದು ಆ ಫೌಂಡ್ರಿಯ ವ್ಯಾಪಾರದ ಕ್ರಮ. ಪ್ರಪಂಚದ ಎಷ್ಟೋ ಊರುಗಳ ಬ್ಯಾಂಡ್‌ಸ್ಟ್ಯಾಂಡು, ಕಾರಂಜಿಗಳು ಹಾಗೆಯೇ ಎದ್ದವು.

1935ರಲ್ಲಿ, ತೋಟಗಾರಿಕೆಯ ಮುಖ್ಯಸ್ಥ ಎಚ್. ಸಿ. ಜವರಾಯರ ಕಾಲದಲ್ಲಿ, ಗಾಜಿನ ಮನೆಯ ಪೂರ್ವ ಭಾಗವನ್ನು ವಿಸ್ತರಿಸಿದರು. ಈ ಸಲ ಹಡಗು ಕಾಯಬೇಕಾಗಲಿಲ್ಲ, ಕಬ್ಬಿಣ ಭದ್ರಾವತಿಯದು. ಹಳೆಯ ಸ್ಕಾಟ್ಲೆಂಡಿನ ಚೌಕಟ್ಟಿಗೆ ಮೈಸೂರಿನ ಕಬ್ಬಿಣ ಹೊಂದಿಕೊಂಡ ಆ ಕೂಡುಗೆರೆಯನ್ನು ಇಂದಿನ ಫಲಪುಷ್ಪ ಪ್ರದರ್ಶನದ ಜನಜಂಗುಳಿಯಲ್ಲಿ ಯಾರೂ ಹುಡುಕುವುದಿಲ್ಲ. ಹುಡುಕಬೇಕು. ಬೇರೆ ದೇಶದ ಅಳತೆಗೆ ನಮ್ಮ ಕಾರ್ಖಾನೆ ಸರಿಹೊಂದಿಸಿದ ಕೆಲಸ ಅದು. ಆಮೇಲಿನ ನವೀಕರಣಗಳಲ್ಲಿ ಗಾಜು ಬದಲಾಯಿತು, ಚೌಕಟ್ಟು ಮಾತ್ರ ಅದೇ.

ಗಾಜು ಕೂರಿಸುವ ಹಳೆಯ ಕಸುಬಿನ ಬಗ್ಗೆ ಒಂದು ಮಾತು. ಗಾಜನ್ನು ಚೌಕಟ್ಟಿಗೆ ಹಿಡಿಸುತ್ತಿದ್ದ ಪುಟ್ಟಿ ಎಂದರೆ ಅಗಸೆ ಎಣ್ಣೆಯಲ್ಲಿ ನಾದಿದ ಸೀಮೆಸುಣ್ಣದ ಪುಡಿ. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಮುಂಬೈ ಬಂದರಿನಿಂದ ಇಂಗ್ಲೆಂಡಿಗೆ ಹೇರಳವಾಗಿ ಹೋಗುತ್ತಿದ್ದ ಸರಕುಗಳಲ್ಲಿ ಅಗಸೆ ಬೀಜವೂ ಒಂದು. ನಮ್ಮ ಒಣಸೀಮೆಯ ಜನ ರೊಟ್ಟಿಗೆ ಹಚ್ಚಿಕೊಳ್ಳುವ ಹಿಂಡಿಯ ಅಗಸಿಯೇ ಅಲ್ಲಿ ಗಿಡಮನೆಗಳ ಗಾಜು ಹಿಡಿದು ನಿಲ್ಲಿಸುತ್ತಿತ್ತು. ಹೊಸ ಪುಟ್ಟಿ ಮೆತ್ತಗೆ, ಗಾಜು ಹಿಗ್ಗಿದರೂ ಕುಗ್ಗಿದರೂ ಜೊತೆಗೆ ಜರುಗುತ್ತದೆ. ವರ್ಷಗಳಲ್ಲಿ ಅದು ಕಲ್ಲಾಗುತ್ತದೆ, ಬಿರುಕು ಬಿಡುತ್ತದೆ, ಬಿರುಕಿಗೆ ನೀರಿಳಿದು ಕಬ್ಬಿಣ ತುಕ್ಕು ಹಿಡಿಯುತ್ತದೆ. ಹಳೆಯ ಗಿಡಮನೆ ಬಿಚ್ಚುವಾಗ ಗಾಜು ಒಡೆಯುವುದು ಹೆಚ್ಚಾಗಿ ಈ ಕಲ್ಲಾದ ಪುಟ್ಟಿಯಿಂದ. ಹಾಗಾಗಿ ಹಳೆಯ ಮನೆ ಕೊಳ್ಳುವವರು ಗಾಜಿನ ಲೆಕ್ಕವನ್ನು ಬಿಟ್ಟು ಚೌಕಟ್ಟಿಗೆ ಮಾತ್ರ ಬೆಲೆ ಕಟ್ಟುವುದು ಪಶ್ಚಿಮದಲ್ಲಿ ಹಳೆಯ ವಾಡಿಕೆ.

ಗಾಜಿನ ಈ ಕಾಟ ತಪ್ಪಿಸಿದ್ದು ಒಂದು ಖಾಲಿ ಖಜಾನೆ. ಅಮೆರಿಕದ ಕೆಂಟಕಿ ವಿಶ್ವವಿದ್ಯಾಲಯದ ತೋಟಗಾರಿಕೆ ಪ್ರಾಧ್ಯಾಪಕ ಎಮ್ಮರಿ ಎಮ್ಮರ್ಟ್ ಅವರಿಗೆ ಸಂಶೋಧನೆಗೆ ಗಿಡಮನೆ ಬೇಕಿತ್ತು, ಗಾಜಿಗೆ ಹಣವಿರಲಿಲ್ಲ. 1948ರಲ್ಲಿ ಅವರು ಮರದ ಸಾದಾ ಚೌಕಟ್ಟು ನಿಲ್ಲಿಸಿ ಅದಕ್ಕೆ ಪಾರದರ್ಶಕ ಹಾಳೆ ಹೊದಿಸಿದರು. ಕೆಲವೇ ವರ್ಷಗಳಲ್ಲಿ ಪಾಲಿಥೀನ್ ಆ ಜಾಗಕ್ಕೆ ಬಂತು. ಅದನ್ನು ಇಂಗ್ಲೆಂಡಿನ ಐಸಿಐ ಕಂಪನಿಯ ಪ್ರಯೋಗಾಲಯದಲ್ಲಿ 1933ರಲ್ಲಿ ಆಕಸ್ಮಿಕವಾಗಿ ಕಂಡುಹಿಡಿದಿದ್ದರು. ಗಾಜಿನ ಭಾರ ಹೋದದ್ದರಿಂದ ಚೌಕಟ್ಟೂ ಹಗುರಾಯಿತು, ಅಡಿಪಾಯವೂ ಸಣ್ಣದಾಯಿತು. ಇಂದು ಪ್ರಪಂಚದ ಬಹುಪಾಲು ಗಿಡಮನೆಗಳು ಎಮ್ಮರ್ಟ್ ತೋರಿಸಿದ ಈ ದಾರಿಯಲ್ಲಿವೆ.

ಕರ್ನಾಟಕದಲ್ಲಿ ಹೊದಿಕೆಯಡಿಯ ಬೇಸಾಯಕ್ಕೆ ದಾರಿ ತೆರೆದವರಲ್ಲಿ ಮನಮೋಹನ ಅತ್ತಾವರ ಅವರ ಹೆಸರು ಮೊದಲು ಬರುತ್ತದೆ. ಅವರು 1965ರಲ್ಲಿ ಬೆಂಗಳೂರಿನಲ್ಲಿ ಇಂಡೋ ಅಮೆರಿಕನ್ ಹೈಬ್ರಿಡ್ ಸೀಡ್ಸ್ ಕಟ್ಟಿ, ಸಂಕರಣ ಬೀಜದ ಉದ್ಯಮಕ್ಕೆ ಬುನಾದಿ ಹಾಕಿದರು. ಸಾಮಾನ್ಯ ರೈತರ ಹೊಲಕ್ಕೆ ಪಾಲಿಹೌಸ್ ಬರಲು ಇನ್ನೂ ನಾಲ್ಕು ದಶಕ ಬೇಕಾಯಿತು. 2005–06ರಲ್ಲಿ ರಾಷ್ಟ್ರೀಯ ತೋಟಗಾರಿಕಾ ಮಿಷನ್ ಶುರುವಾಗಿ ಸಹಾಯಧನ ಸಿಗತೊಡಗಿದ ಮೇಲೆ ಜಿಐ ಪೈಪಿನ ಕಮಾನುಗಳು ಗಡಿಯ ಎರಡೂ ಬದಿ ಎದ್ದವು. ಅಲ್ಯೂಮಿನಿಯಂ ಪಟ್ಟಿಯ ತೋಡಿನಲ್ಲಿ 200 ಮೈಕ್ರಾನ್ ಹಾಳೆ ಇಟ್ಟು ಜಿಗ್‌ಜ್ಯಾಗ್ ಸ್ಪ್ರಿಂಗ್ ಒತ್ತಿದರೆ ಆಯಿತು. ಪುಟ್ಟಿಯೂ ಬೇಡ, ಗಾಜಿನ ಕಸುಬುದಾರನೂ ಬೇಡ.

ಆದರೆ ಆ ಹಾಳೆಗೆ ಮೂರು ನಾಲ್ಕು ವರ್ಷದ ಆಯುಷ್ಯ. ಬಿರುಗಾಳಿ ಬಂದರೆ ಒಂದೇ ಸಂಜೆ. ಮೊದಲ ಹೊದಿಕೆಗೆ ಸರಕಾರದ ನೆರವಿತ್ತು, ಎರಡನೆಯದಕ್ಕೆ ರೈತ ತನ್ನ ಜೇಬಿಗೇ ಕೈ ಹಾಕಬೇಕು. ಹೂವಿನ ದರವೋ ದೊಣ್ಣೆಮೆಣಸಿನ ದರವೋ ಬಿದ್ದ ವರ್ಷವೇ ಆ ಖರ್ಚು ಬಂದರೆ, ಪೈಪುಗಳು ಬರಿಮೈಯಲ್ಲಿ ಹೊಲದಲ್ಲಿ ನಿಂತುಬಿಡುತ್ತವೆ. ಹಳೆಯ ಪಾಲಿಹೌಸುಗಳು ಮಾರಾಟಕ್ಕೆ ಬರುವುದು ಹೀಗೆ.

ದ್ರಾಕ್ಷಿಯ ಕಬ್ಬಿಣಕ್ಕೂ ಇದೇ ಗತಿ. ಮೊದಲು ಕಲ್ಲುಕಂಬದ ಮೇಲಿನ ಚಪ್ಪರ ಇತ್ತು, ಈಗ ವಾಯ್ ಆಕಾರದ ಆಂಗಲ್ಲುಗಳು. ಬರದಲ್ಲಿ ಬಳ್ಳಿ ಒಣಗಿದರೆ, ಮುದಿಯಾಗಿ ಕಿತ್ತರೆ, ಆಂಗಲ್ಲು ಮತ್ತು ತಂತಿ ಉಳಿಯುತ್ತವೆ. ಒಬ್ಬರ ತೋಟದ ಸಾಮಾನು ಇನ್ನೊಬ್ಬರ ತೋಟಕ್ಕೋ ಒಣದ್ರಾಕ್ಷಿ ಶೆಡ್ಡಿಗೋ ದನದ ಕೊಟ್ಟಿಗೆಗೋ ಹೋಗುತ್ತದೆ. ಸೋತ ತೋಟದ ಆಂಗಲ್ಲು ಮಾರುವಾಗ ಆ ಮನೆಯವರ ಮುಖ ನೋಡುವುದು ಕಷ್ಟ ಎಂಬುದನ್ನೂ ಇಲ್ಲಿ ಹೇಳಲೇಬೇಕು. ಅಗ್ಗದ ಸಾಮಾನಿನ ಹಿಂದೆ ಬಹಳ ಸಲ ಯಾರದೋ ಬರಗಾಲ ಇರುತ್ತದೆ.

ಇಂಥ ಸಾಮಾನು ಕೊಳ್ಳುವಾಗ ಅನುಭವಸ್ಥರು ಮೊದಲು ನೋಡುವುದು ಕೀಲುಗಳನ್ನು. ನಟ್ಟು ಬೋಲ್ಟು ಬಿಚ್ಚಿ ತೆಗೆದ ಚೌಕಟ್ಟು ಮತ್ತೆ ಮನೆಯಾಗುತ್ತದೆ. ಅವಸರಕ್ಕೆ ಗ್ಯಾಸ್ ಕಟರ್ ಹಚ್ಚಿ ಕತ್ತರಿಸಿದ ಚೌಕಟ್ಟು ಕಿಲೋ ಲೆಕ್ಕದ ಗುಜರಿ. ಆಮೇಲೆ ನೆಲದ ಮಟ್ಟ: ಪೈಪು ಮಣ್ಣಿಗೆ ತಾಗುವ ಗೇಣುದ್ದದಲ್ಲೇ ತುಕ್ಕು ಮೊದಲು ಕೂರುವುದು, ಮೇಲೆಲ್ಲ ಹೊಳೆಯುತ್ತಿದ್ದರೂ ಅಲ್ಲಿ ಬೆರಳು ಒತ್ತಿದರೆ ನಿಜ ತಿಳಿಯುತ್ತದೆ. ಬಿಚ್ಚುವ ಮುನ್ನ ಪ್ರತಿ ತುಂಡಿಗೂ ಬಣ್ಣದಲ್ಲಿ ಅಂಕಿ ಬರೆಯಬೇಕು. ಅಂಕಿ ಬರೆಯದೆ ಟ್ರ್ಯಾಕ್ಟರಿಗೆ ಹೇರಿದ ಕಮಾನುಗಳನ್ನು ಹೊಲದಲ್ಲಿ ಹೊಂದಿಸುತ್ತ ಕೂತರೆ ಉಳಿಸಿದ ದುಡ್ಡು ಕೂಲಿಗೆ ಹೋಗುತ್ತದೆ. ಅಲ್ಯೂಮಿನಿಯಂ ಪಟ್ಟಿಗಳ ಅಂಚು ಚೂಪಾಗಿದ್ದರೆ ಉಜ್ಜಿ ನುಣುಪು ಮಾಡಬೇಕು. ಹೊಸ ಹಾಳೆ ಹರಿಯುವುದು ಅಂಥ ಅಂಚಿನಿಂದಲೇ.

ಸಿಡನ್‌ಹ್ಯಾಮಿನ ಕಂಪನಿ ಮಾಡಿದ ತಪ್ಪು ಜತ್ತದಲ್ಲೂ ಆಗಬಹುದು: ಹಳೆಯ ಸಾಮಾನು ಅಗ್ಗವಾಯಿತೆಂದು ಮನೆ ದೊಡ್ಡದು ಮಾಡುವುದು. ಹತ್ತು ಗುಂಟೆಯ ಚೌಕಟ್ಟು ಹತ್ತು ಗುಂಟೆಯಾಗಿಯೇ ನಿಂತರೆ ಒಳ್ಳೆಯದು. ಇನ್ನೊಂದು, ಜತ್ತದ ಬಿಸಿಲಿಗೆ ಪೂರ್ತಿ ಮುಚ್ಚಿದ ಪಾಲಿಹೌಸಿಗಿಂತ ಪಕ್ಕ ತೆರೆದ ನೆರಳುಮನೆಯೇ ಹೆಚ್ಚು ಹೊಂದುತ್ತದೆ. ಪ್ಲಾಸ್ಟಿಕ್ ಹರಿದ ಹಳೆಯ ಪಾಲಿಹೌಸಿನ ಪೈಪುಗಳ ಮೇಲೆ ನೆರಳುಬಲೆ ಎಳೆದರೆ ಹೊದಿಕೆಯ ಖರ್ಚು ಇಳಿಯುತ್ತದೆ, ಗಾಳಿಯೂ ಆಡುತ್ತದೆ. ಸೀರೆ ಹೊದಿಸಿದವರು ಈ ಲೆಕ್ಕವನ್ನು ಯಾವ ಇಲಾಖೆಯ ಸಲಹೆಯೂ ಇಲ್ಲದೆ ಮಾಡಿದ್ದಾರೆ.

ತೋಟಗಾರಿಕಾ ಇಲಾಖೆಗಳಿಗೆ, ಮಹಾರಾಷ್ಟ್ರದವೂ ಆಗಲಿ ಕರ್ನಾಟಕದವೂ ಆಗಲಿ, ಕೇಳಬೇಕಾದದ್ದು ಇದು: ಹೊಸ ಪಾಲಿಹೌಸಿಗೆ ಕೊಡುವ ಗಮನದಲ್ಲಿ ಒಂದು ಪಾಲನ್ನು ನಿಂತಿರುವ ಹಳೆಯ ಚೌಕಟ್ಟಿಗೆ ಮತ್ತೆ ಹೊದಿಕೆ ಹಾಕಿಸುವುದಕ್ಕೆ ತೆಗೆದಿಡಿ. ತಾಲ್ಲೂಕು ಮಟ್ಟದಲ್ಲಿ ಬಿಚ್ಚುವ, ಜೋಡಿಸುವ ಕೆಲಸಗಾರರಿಗೆ ತರಬೇತಿ ಕೊಡಿ. ಪೈಪು ಇನ್ನೂ ಗಟ್ಟಿಯಾಗಿರುವಾಗಲೇ ಈ ಕೆಲಸ ಆಗಬೇಕು. ಅಷ್ಟರವರೆಗೆ, ಹಳೆಯ ಪಾಲಿಹೌಸ್ ಮಾರಲು ಹೊರಟ ರೈತರು ಗ್ಯಾಸ್ ಕಟರಿನವನನ್ನು ಕರೆಯುವ ಮೊದಲು ಪಾನೆ ಹಿಡಿದು ಬಿಚ್ಚುವವನನ್ನು ಹುಡುಕಲಿ.